ಮನೆ ಒಬ್ಬರದು, ಮಾತು ಇನ್ನೊಬ್ಬರದು

ಡೊಂಬಿವಲಿಯಲ್ಲಿ ಒಂದು ಓದುಗರ ಬಳಗ ಶುರು ಮಾಡ್ತಿದೀವಿ, ಮುಲುಂಡ್‌ನಲ್ಲಿ ನಿಮ್ಮದು ನಡೀತಾ ಇದೆಯಲ್ಲ, ಬಂದು ಹೇಳಿ ಅಂತ ಕರೆದ್ರಿ. ಯಾವ ಪುಸ್ತಕ ಓದ್ಬೇಕು ಅಂತ ನಾನು ಹೇಳೋಕೆ ಹೋಗೋಲ್ಲ, ಅದನ್ನ ನೀವೇ ಕೂತು ಜಗಳ ಆಡಿ ತೀರ್ಮಾನ ಮಾಡಿ, ಆ ಜಗಳವೇ ಚೆನ್ನಾಗಿರುತ್ತೆ. ನಾನು ಹೇಳ್ಬೇಕು ಅಂತ ಬಂದಿರೋದು ಬೇರೆ ವಿಷಯ, ಯಾರ ಮನೇಲಿ ಸೇರೋದು, ಚಹಾ ಯಾರು ಇಡೋದು, ಮಾತು ಯಾರು ಎತ್ತೋದು, ಯಾರು ನಿಲ್ಸೋದು. ಇದೆಲ್ಲ ಸಣ್ಣ ವಿಷಯ, ಆಮೇಲೆ ನೋಡಿಕೊಂಡ್ರಾಯ್ತು ಅಂತ ಬಿಟ್ಟುಬಿಡ್ತಾರೆ, ಒಂದು ವರ್ಷಕ್ಕೆ ಬಳಗ ನಿಂತುಹೋದಾಗ ಮುಂಬೈ ಕನ್ನಡಿಗರಿಗೆ ಓದೋ ಆಸಕ್ತಿಯೇ ಇಲ್ಲ ಅಂತಾರೆ. ಆ ಮಾತು ನಾನು ಒಪ್ಪೋಲ್ಲ. ಮಾಟುಂಗಾದಲ್ಲಿ ಭಾವು ದಾಜಿ ರಸ್ತೆಯ ಮೈಸೂರ್ ಅಸೋಸಿಯೇಷನ್‌ಗೆ ಹೋಗಿ, ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಹೋಗಿ, ಕಲೀನಾದಲ್ಲಿ ಯೂನಿವರ್ಸಿಟಿಯ ಕನ್ನಡ ವಿಭಾಗದವರು ಏನಾದ್ರೂ ಇಟ್ಕೊಂಡಾಗ ಹೋಗಿ ನೋಡಿ, ಎರಡು ಟ್ರೈನ್ ಬದಲಾಯಿಸಿ ಬಂದು ಕೂತಿರ್ತಾರೆ ಜನ. ಆಸಕ್ತಿ ಇದೆ. ಇಲ್ಲದೇ ಇರೋದು ಹಂಚಿಕೊಂಡು ಮಾಡೋ ರೂಢಿ.

ಸಾಮಾನ್ಯವಾಗಿ ಏನಾಗುತ್ತೆ ಅಂದ್ರೆ, ಒಬ್ರು ಇರ್ತಾರೆ, ತುಂಬಾ ಓದಿದವರು, ಉತ್ಸಾಹ ಇರೋರು, ಹೆಚ್ಚಾಗಿ ಹೆಂಗಸೇ ಆಗಿರ್ತಾರೆ, ಅವರ ಮನೇಲೇ ಶುರುವಾಗುತ್ತೆ. ಬೆಂಗಳೂರಿಂದ ಪುಸ್ತಕ ಕೊರಿಯರ್‌ನಲ್ಲಿ ತರಿಸೋರೂ ಅವರೇ, ಮೆಸೇಜ್ ಹಾಕೋರೂ ಅವರೇ, ಅವತ್ತು ಬೆಳಿಗ್ಗೆಯಿಂದ ಮನೆ ಒರೆಸಿ ಉಪ್ಪಿಟ್ಟಿಗೆ ರವೆ ಹುರಿದಿಟ್ಟು, ಐದು ಗಂಟೆಗೆ ಎಲ್ಲರೂ ಬಂದು ಕೂತ ಮೇಲೆ ಪುಸ್ತಕದ ಬಗ್ಗೆ ಮಾತು ಶುರು ಮಾಡ್ಬೇಕಾದ್ದೂ ಅವರೇ, ನಡುವೆ ಕುಕ್ಕರ್ ಕೂಗಿದ್ರೆ ಎದ್ದು ಹೋಗೋರೂ ಅವರೇ. ಉಳಿದವರು ಬರ್ತಾರೆ, ಚೆನ್ನಾಗಿ ಮಾತಾಡ್ತಾರೆ, ಹೊಗಳ್ತಾರೆ, ಹೋಗ್ತಾರೆ. ಅವರದ್ದೇನೂ ತಪ್ಪಿಲ್ಲ ಪಾಪ, ಅವರನ್ನ ಯಾರೂ ಏನೂ ಕೇಳಿಲ್ಲ. ಆಮೇಲೆ ಆ ಮನೇಲಿ ಅತ್ತೆಗೆ ಹುಷಾರಿಲ್ಲ ಅಂತಲೋ, ಮಗನ ಹನ್ನೆರಡನೇ ಕ್ಲಾಸು ಅಂತಲೋ ಒಂದು ತಿಂಗಳು ತಪ್ಪುತ್ತೆ, ಎರಡು ತಿಂಗಳು ತಪ್ಪುತ್ತೆ, ಅಷ್ಟೇ, ಮುಗೀತು. ಯಾಕಂದ್ರೆ ಪುಸ್ತಕ ಯಾವುದು, ಯಾರ ಹತ್ರ ಇದೆ, ಮುಂದಿನ ಸಲ ಎಲ್ಲಿ ಅನ್ನೋದು ಇನ್ಯಾರಿಗೂ ಗೊತ್ತಿರೋಲ್ಲ. ಬಂದುಹೋಗೋರು ನೆಂಟರಾಗೇ ಉಳಿದುಬಿಟ್ಟಿರ್ತಾರೆ.

ನಮ್ಮವರಿಗೆ ಈ ಹಂಚಿಕೊಳ್ಳೋದು ಹೊಸದೇನಲ್ಲ. ನಿಮ್ಮಲ್ಲಿ ತುಂಬಾ ಜನ ಮನೆ ಮನೆ ಭಜನೆಗೆ ಹೋಗಿದೀರಿ, ಇಲ್ಲೇ ಡೊಂಬಿವಲೀಲಿ ಎಷ್ಟು ಭಜನಾ ಮಂಡಳಿಗಳಿವೆ. ಅಲ್ಲಿ ಯಾರ ಮನೇಲಿ ಭಜನೆಯೋ ಅವರು ದೀಪ ಹಚ್ಚಿ, ಜಮಖಾನ ಹಾಸಿ, ಪ್ರಸಾದಕ್ಕೆ ಪಂಚಕಜ್ಜಾಯ ಮಾಡಿಟ್ಟಿರ್ತಾರೆ. ಆದ್ರೆ ಹಾಡು ಎತ್ತಿಕೊಡೋರು ಅವರಲ್ಲ, ಹಾರ್ಮೋನಿಯಂ ಹಿಡಿಯೋರು ಬೇರೆ, ತಾಳ ಬೇರೆ, ಒಂದು ಹಾಡು ಮುಗಿದ ಕೂಡ್ಲೆ ಮುಂದಿನದು ಯಾರು ಎತ್ತಬೇಕು ಅನ್ನೋದು ಕಣ್ಣಲ್ಲೇ ತೀರ್ಮಾನ ಆಗುತ್ತೆ. ಹಾಡೋಕೆ ಬಾರದವರ ಮನೇಲೂ ಭಜನೆ ಆಗುತ್ತೆ, ಸ್ವಂತ ಮನೆ ಇಲ್ಲದ ಹುಡುಗನೂ ಹಾಡು ಎತ್ತಿಕೊಡ್ತಾನೆ. ಮನೆ ಕೊಡೋದು ಒಂದು ಸೇವೆ, ಹಾಡು ಎತ್ತಿಕೊಡೋದು ಇನ್ನೊಂದು ಸೇವೆ, ಎರಡೂ ಒಬ್ಬರ ತಲೆ ಮೇಲೆ ಬೀಳೋಲ್ಲ. ಇದನ್ನೇ ನಾವು ಪುಸ್ತಕಕ್ಕೆ ತಂದ್ವಿ. ಮನೆ ಒಬ್ಬರದು, ಮಾತು ಇನ್ನೊಬ್ಬರದು. ಒಂದೇ ತಿಂಗಳು ಎರಡೂ ಒಬ್ಬರಿಗೆ ಬರೋ ಹಾಗಿಲ್ಲ, ಅವರಾಗಿ ಆಸೆಪಟ್ಟು ಕೇಳಿದ್ರೂ ಇಲ್ಲ. ಈ ಒಂದು ವಿಷಯದಲ್ಲಿ ಮಾತ್ರ ನಾವು ಗಟ್ಟಿಯಾಗಿ ನಿಲ್ತೀವಿ.

ಮೊದಲು ಮನೆ ವಿಷಯ ಹೇಳ್ತೀನಿ. ಮುಂಬೈಲಿ ಮನೆ ಕೊಡಿ ಅಂದ್ರೆ ಎಲ್ಲರ ಮುಖ ಸ್ವಲ್ಪ ಸಣ್ಣ ಆಗುತ್ತೆ, ಯಾಕಂತ ನಿಮಗೆ ಗೊತ್ತು. ಒನ್ ಬಿಎಚ್‌ಕೆ ಹಾಲ್‌ನಲ್ಲಿ ಸೋಫಾ ದಿವಾನ್ ಟಿವಿ ಫ್ರಿಜ್ಜು ಇಟ್ಟ ಮೇಲೆ ಎಷ್ಟು ಜಾಗ ಉಳಿಯುತ್ತೆ, ಅದರಲ್ಲಿ ಮಾವನವರು ಮಲಗೋದೂ ಅಲ್ಲೇ. ಹಾಗಾಗಿ ನಮ್ಮದು ಚಿಕ್ಕದು, ನಮ್ಮಲ್ಲಿ ಬೇಡ ಅಂತಾರೆ. ಇಲ್ಲಿ ತುಂಬಾ ಜೋಪಾನವಾಗಿ ಇರ್ಬೇಕು. ಆಯ್ತು ಬಿಡಿ ಅಂತ ಅವರ ಹೆಸರು ಹೊಡೆದು ಹಾಕಿದ್ರೆ ಅವರು ಕ್ರಮೇಣ ಬರೋದೇ ಬಿಡ್ತಾರೆ, ಬೇರೆಯವರ ಮನೇಲಿ ಎಷ್ಟು ಸಲ ಚಹಾ ಕುಡಿಯೋದು ಅನ್ನೋ ಸಂಕೋಚ ಒಳಗೊಳಗೇ ಕೊರೀತಿರುತ್ತೆ. ಬಲವಂತ ಮಾಡಿದ್ರೆ ಅದು ಇನ್ನೂ ಕೆಟ್ಟದ್ದು. ನಮ್ಮಲ್ಲಿ ಒಬ್ರು ಹೀಗೇ ಹಿಂಜರೀತಿದ್ರು, ಆಗ ಇನ್ನೊಬ್ರು, ಅವರ ಬಿಲ್ಡಿಂಗ್‌ನವರೇ, ಹೇಳಿದ್ರು, "ಅಕ್ಕ, ಜಾಗ ನಮ್ಮಲ್ಲಿ ಇರ್ಲಿ, ಮನೆಯವರು ನೀವೇ ಆಗಿ." ಅಂದ್ರೆ ಜಾಗ ಬಿ ವಿಂಗ್‌ನಲ್ಲಿ, ಬನ್ನಿ ಕೂತ್ಕೊಳ್ಳಿ ಅನ್ನೋರು, ಚಹಾ ಕೊಡೋರು, ಕೊನೇಲಿ ಕುಂಕುಮ ಕೊಟ್ಟು ಕಳಿಸೋರು ಎ ವಿಂಗ್‌ನ ಆ ಅಕ್ಕ. ಈಗ ಅದೇ ಕ್ರಮ ಎಷ್ಟೋ ಜನಕ್ಕೆ ಅನುಕೂಲ ಆಗಿದೆ. ಸೊಸೈಟಿ ಆಫೀಸು ಭಾನುವಾರ ಸಂಜೆ ಖಾಲಿ ಇರುತ್ತೆ, ಸೆಕ್ರೆಟರಿ ಹತ್ರ ಮೊದಲೇ ಕೇಳಿದ್ರೆ ಕೊಡ್ತಾರೆ, ಮಳೆಗಾಲ ಬಿಟ್ರೆ ಟೆರೇಸ್ ಇದೆ. ಒಬ್ಬರು ಮನೆ ಕೊಡೋದು ಅಂದ್ರೆ ಗೋಡೆ ಕೊಡೋದು ಅಂತಲ್ಲ, ಅವತ್ತು ಬರೋ ಜನರ ಹೊಣೆ ಹೊರೋದು. ವಾಚ್‌ಮನ್‌ಗೆ ಇಷ್ಟು ಜನ ಬರ್ತಾರೆ ಅಂತ ಮೊದಲೇ ಹೇಳಿಡೋದು, ಮೊಣಕಾಲು ನೋವಿರೋರಿಗೆ ಎರಡು ಕುರ್ಚಿ ಪಕ್ಕದ ಮನೆಯಿಂದ ತಂದಿಡೋದು, ಹೊಸಬರು ಬಂದ್ರೆ ಬಾಗಿಲಲ್ಲೇ ಅವರನ್ನ ಮಾತಾಡಿಸೋದು. ಇದನ್ನ ಯಾರು ಬೇಕಾದ್ರೂ ಮಾಡ್ಬಹುದು.

ತಿಂಡಿ ವಿಷಯದಲ್ಲಿ ಮೊದಲನೇ ದಿನವೇ ಒಂದು ಮಾತು ಆಗಿಬಿಡಲಿ, ಚಹಾ ಮತ್ತು ಒಂದೇ ಒಂದು ತಿಂಡಿ, ಅದೂ ಅಂಗಡಿಯಿಂದ ತಂದ್ರೂ ನಡೆಯುತ್ತೆ. ಇಲ್ದಿದ್ರೆ ಮೊದಲ ತಿಂಗಳು ಗೋಳಿಬಜೆ, ಮುಂದಿನ ತಿಂಗಳು ಗೋಳಿಬಜೆ ಜೊತೆ ಕೇಸರಿಬಾತ್, ಅದರ ಮುಂದಿನ ತಿಂಗಳು ನೀರುದೋಸೆ, ಎರಡು ಥರ ಚಟ್ನಿ, ಮೇಲೆ ಪಾಯಸ ಅಂತ ಏರ್ತಾ ಹೋಗುತ್ತೆ. ಪ್ರೀತಿಯಿಂದಲೇ ಮಾಡ್ತಾರೆ, ನಮ್ಮ ಊರಿನ ಕಡೆಯವರು ಬಂದೋರಿಗೆ ಬರೀ ಚಹಾ ಕೊಟ್ಟು ಕಳಿಸೋದು ಹೇಗೆ ಅಂತ. ಆದ್ರೆ ವಡಾಲಾದಿಂದ ರಾತ್ರಿ ಎಂಟಕ್ಕೆ ಮನೆ ಮುಟ್ಟೋ ಹುಡುಗಿ ಇದನ್ನೆಲ್ಲ ನೋಡಿ, ನನ್ನ ಕೈಲಿ ಇಷ್ಟೆಲ್ಲ ಆಗೋಲ್ಲ ಅಂತ ಪಟ್ಟಿಯಲ್ಲಿ ಹೆಸರೇ ಬರೆಸೋಲ್ಲ. ಒಬ್ಬರ ಧಾರಾಳತನ ಇನ್ನೊಬ್ಬರಿಗೆ ಬಾಗಿಲು ಮುಚ್ಚುತ್ತೆ, ಅದನ್ನ ತಡೀಬೇಕು. ಪಾರ್ಲೆ-ಜಿ ಇಟ್ಟ ಮನೇಲೂ ಚರ್ಚೆ ಚೆನ್ನಾಗಿಯೇ ಆಗುತ್ತೆ.

ದಿನ ಗೊತ್ತು ಮಾಡೋದರ ಬಗ್ಗೆ ಒಂದೆರಡು ಮಾತು. ಸೆಂಟ್ರಲ್ ಲೈನ್‌ನಲ್ಲಿ ಭಾನುವಾರ ಅಂದ್ರೆ ಮೆಗಾ ಬ್ಲಾಕ್, ಹಳಿ ರಿಪೇರಿಗೆ ಅಂತ ಲೋಕಲ್ ಟ್ರೈನ್ ಕಮ್ಮಿ ಮಾಡ್ತಾರೆ, ಮಾಟುಂಗಾ-ಮುಲುಂಡ್ ನಡುವೆ ಹೆಚ್ಚಾಗಿ ಬೆಳಿಗ್ಗೆ ಹನ್ನೊಂದರ ಹೊತ್ತಿಂದ ನಾಲ್ಕರ ತನಕ ಇರುತ್ತೆ, ಹಾಗಾಗಿ ಐದಕ್ಕೆ ಮುಂಚೆ ಇಟ್ಕೋಬೇಡಿ. ಗಣಪತಿ, ನವರಾತ್ರಿ ತಿಂಗಳು ಬರೀ ಒಂದು ಸಣ್ಣ ಕತೆ ಇಟ್ಕೊಳ್ಳಿ, ಯಾರಿಗೂ ಪುರುಸೊತ್ತು ಇರೋಲ್ಲ, ಗರ್ಬಾ ಸ್ಪೀಕರ್ ಕೆಳಗೆ ಚರ್ಚೆಯೂ ಆಗೋಲ್ಲ. ಮೇ ತಿಂಗಳು ಬಿಟ್ಟುಬಿಡಿ. ಎಲ್ಲರೂ ಊರಿಗೆ ಹೋಗಿರ್ತಾರೆ, ಮಂಗಳೂರಿಗೆ ಹೋಗೋ ಮತ್ಸ್ಯಗಂಧ ಟ್ರೈನಿನ ಟಿಕೆಟ್ ಸಿಕ್ಕ ದಿನಕ್ಕೆ ಹೊರಡ್ತಾರೆ. ಮೊದಲು 120 ದಿನ ಮುಂಚೆ ಬುಕಿಂಗ್ ಇತ್ತು, 2024ರ ನವೆಂಬರ್‌ನಿಂದ ಅದನ್ನ 60 ದಿನ ಮಾಡಿದಾರೆ, ಹಾಗಾಗಿ ಮಾರ್ಚ್ ಬರೋ ತನಕ ಯಾರು ಯಾವಾಗ ಇರ್ತಾರೆ ಅಂತ ಯಾರಿಗೂ ಗೊತ್ತಾಗೋಲ್ಲ. ಅದಕ್ಕೇ ನಾವು ಇಡೀ ವರ್ಷದ ಪಟ್ಟಿ ಮಾಡೋಲ್ಲ, ನಾಲ್ಕು ತಿಂಗಳದು ಮಾಡ್ತೀವಿ, ಅಷ್ಟೇ.

ಇನ್ನು ಮಾತು ನಡೆಸೋ ಕೆಲಸ. ನನಗೆ ಹೆಚ್ಚು ಹೇಳೋಕಿರೋದು ಇದರ ಬಗ್ಗೆ.

ಮಾತು ನೀವು ನಡೆಸಿ ಅಂದ ಕೂಡ್ಲೆ ಎಲ್ಲರೂ ಹೇಳೋದು ಒಂದೇ, "ಅಯ್ಯೋ ನನಗೇನು ಗೊತ್ತು, ನಾನು ಅಷ್ಟೆಲ್ಲ ಓದಿದವಳಲ್ಲ." ಯಾಕೆ ಹೀಗಂತಾರೆ ಅಂದ್ರೆ ಚರ್ಚೆ ನಡೆಸೋದು ಅಂದ್ರೆ ಭಾಷಣ ಮಾಡೋದು ಅಂತ ತಿಳ್ಕೊಂಡಿರ್ತಾರೆ. ಲೇಖಕರ ಜೀವನ, ಅವರಿಗೆ ಬಂದ ಪ್ರಶಸ್ತಿ, ನವ್ಯ, ನವ್ಯೋತ್ತರ ಅಂತೆಲ್ಲ ಹೇಳ್ಬೇಕು ಅಂತ. ಅದು ಬೇಡವೇ ಬೇಡ. ಅದು ಬೇಕಾದವರಿಗೆ ಮಾಟುಂಗಾದಲ್ಲಿ ಒಳ್ಳೊಳ್ಳೆ ಉಪನ್ಯಾಸ ಆಗುತ್ತೆ, ನಮಗಿಂತ ತುಂಬಾ ಚೆನ್ನಾಗಿ ಮಾಡೋರಿದಾರೆ. ನಮ್ಮ ಹಾಲ್‌ನಲ್ಲಿ ಬೇಕಾಗಿರೋದು ಕೇಳೋರು. ಪುಸ್ತಕ ಪೂರ್ತಿ ಓದಿರ್ಬೇಕು, ಓದ್ತಾ ಎಲ್ಲಿ ನಿಂತೆವೋ ಅಲ್ಲಿ ಪೆನ್ಸಿಲ್‌ನಲ್ಲಿ ಒಂದು ಗೆರೆ ಹಾಕಿರ್ಬೇಕು, ಅದರಿಂದ ನಾಲ್ಕೈದು ಪ್ರಶ್ನೆ ಮಾಡ್ಕೊಂಡು ಬರ್ಬೇಕು. ಹೌದು ಇಲ್ಲ ಅಂತ ಒಂದೇ ಮಾತಲ್ಲಿ ಉತ್ತರ ಮುಗಿಯೋ ಪ್ರಶ್ನೆ ಬೇಡ, ಕಾದಂಬರಿ ಇಷ್ಟ ಆಯ್ತಾ ಅಂತ ಕೇಳಿದ್ರೆ ಆಯ್ತು ಅಂತಾರೆ, ಮಾತು ಅಲ್ಲಿಗೇ ನಿಲ್ಲುತ್ತೆ. ಅದರ ಬದಲು, ಕತೆಯಲ್ಲಿ ಆ ಹೆಂಗಸು ಆ ರಾತ್ರಿ ಗಂಡನಿಗೆ ಕಾಗದ ಬರೆದು ಆಮೇಲೆ ಯಾಕೆ ಹಾಕಲಿಲ್ಲ ಅಂತ ಕೇಳಿ ನೋಡಿ, ಮೂರು ಜನ ಮೂರು ಥರ ಹೇಳ್ತಾರೆ, ನಾಲ್ಕನೆಯವರು ಪುಟ ತಿರುಗಿಸಿ ಇಲ್ಲಿ ನೋಡಿ ಅಂತಾರೆ, ಶುರುವಾಯ್ತು.

ಒಂದು ಉದಾಹರಣೆ ಸ್ವಲ್ಪ ವಿವರವಾಗಿಯೇ ಹೇಳ್ತೀನಿ. ಒಂದು ಸಲ ಯಶವಂತ ಚಿತ್ತಾಲರ 'ಶಿಕಾರಿ' ಇಟ್ಕೊಂಡಿದ್ವಿ. 1979ರ ಕಾದಂಬರಿ, ಮುಂಬೈಯದ್ದೇ ಕತೆ, ಕೆಮಿಕಲ್ ಕಂಪನಿಯಲ್ಲಿ ದೊಡ್ಡ ಹುದ್ದೇಲಿರೋ ನಾಗಪ್ಪನ್ನ ಏಕಾಏಕಿ ಕೆಲಸದಿಂದ ದೂರ ಇಡ್ತಾರೆ, ತಾನು ಮಾಡಿದ ತಪ್ಪೇನು ಅನ್ನೋದೇ ಅವನಿಗೆ ತಿಳೀದು. ಚಿತ್ತಾಲರು ತಾವೂ ಪಾಲಿಮರ್ ತಂತ್ರಜ್ಞರಾಗಿ ಇದೇ ಊರಲ್ಲಿ ಕೆಲಸ ಮಾಡಿದವರು, ಕಂಪನಿ ಒಳಗಿನ ಲೋಕ ಅವರಿಗೆ ಕಣ್ಣಾರೆ ಗೊತ್ತಿತ್ತು. ಆ ತಿಂಗಳು ಮಾತು ನಡೆಸೋ ಸರದಿ ಯಾರದಿತ್ತು ಅಂದ್ರೆ, ಥಾಣೆ-ಬೇಲಾಪುರ ರಸ್ತೆಯ ಒಂದು ಕೆಮಿಕಲ್ ಫ್ಯಾಕ್ಟರೀಲಿ ಪ್ಲಾಂಟ್ ಸೂಪರ್‌ವೈಸರ್ ಆಗಿದ್ದು ರಿಟೈರ್ ಆದ ಒಬ್ಬರದು. ಕಾದಂಬರಿ ಓದೋ ಅಭ್ಯಾಸವೇ ಇಲ್ಲ, ಹೆಂಡತಿ ಜೊತೆ ಬರ್ತಿದ್ದೆ ಅಷ್ಟೇ ಅಂತ ಮೊದಲು ಒಪ್ಪಲೇ ಇಲ್ಲ. ಆಮೇಲೆ ಒಪ್ಪಿ, ಬಂದು ಕೂತು ಮೊದಲನೇ ಪ್ರಶ್ನೆ ಕೇಳಿದ್ರು, "ನಿಮ್ಮಲ್ಲಿ ಯಾರಾದ್ರೂ ಎನ್‌ಕ್ವಯರಿ ಎದುರಿಸಿದೀರಾ?" ಹಾಲ್ ಗಪ್‌ಚುಪ್. ಆಮೇಲೆ ಬ್ಯಾಂಕ್‌ನಲ್ಲಿ ಇದ್ದ ಒಬ್ರು ನಿಧಾನಕ್ಕೆ ಬಾಯಿ ಬಿಟ್ರು, ಚಾರ್ಜ್‌ಶೀಟ್ ಕೈಗೆ ಬರೋ ಮುಂಚಿನ ದಿನಗಳು ಹೇಗಿರುತ್ತೆ, ನಿನ್ನೆ ತನಕ ಒಟ್ಟಿಗೆ ಡಬ್ಬಾ ತಿಂದವರು ಕ್ಯಾಂಟೀನ್‌ನಲ್ಲಿ ಬೇರೆ ಟೇಬಲ್‌ಗೆ ಹೋಗೋದು, ಫೋನ್ ರಿಂಗ್ ಆದ್ರೆ ಎದೆ ಹೊಡ್ಕೊಳ್ಳೋದು. ಸೂಪರ್‌ವೈಸರ್ ತಕ್ಷಣ ಗುರುತು ಹಾಕಿದ್ದ ಪುಟ ತೆಗೆದ್ರು, ಹಾಗಾದ್ರೆ ನಾಗಪ್ಪನ ಈ ಅನುಮಾನ ಬರೀ ಭ್ರಮೆಯಾ ನಿಜವಾ, ಹೇಳಿ ಅಂದ್ರು. ಅವತ್ತು ಏಳಕ್ಕೆ ಮುಗೀಬೇಕಾದ್ದು ಎಂಟಾದ್ರೂ ಯಾರೂ ಏಳಲಿಲ್ಲ. ಸಾಹಿತ್ಯ ಓದಿದ ನಮ್ಮಂಥೋರಿಗೆ ಆ ಪ್ರಶ್ನೆ ಹೊಳೀತಾನೇ ಇರಲಿಲ್ಲ, ನಾವು ಅಸ್ತಿತ್ವವಾದ ಅಂತ ಶುರು ಮಾಡ್ತಿದ್ವಿ.

ಸರದಿ ಪ್ರಕಾರ ಎಲ್ಲರಿಗೂ ಮಾತು ಕೊಡ್ಬೇಕು ಅಂತ ನಾನು ಇಷ್ಟು ಒತ್ತಿ ಹೇಳೋದು ಇದಕ್ಕೇ. ಪ್ರತಿಯೊಬ್ಬರಿಗೂ ಪುಸ್ತಕದ ಒಳಗೆ ಹೋಗೋಕೆ ಅವರದೇ ಒಂದು ಬಾಗಿಲು ಇರುತ್ತೆ. ಫೋರ್ಟ್ ಕಡೆ ಹೋಟೆಲ್‌ನಲ್ಲಿ ಹಗಲು ಕಪ್ಪು ಬಸಿ ತೊಳೆದು ರಾತ್ರಿ ಶಾಲೇಲಿ ಕನ್ನಡ ಮೀಡಿಯಂ ಎಸ್ಸೆಸ್ಸಿ ಮಾಡಿಕೊಂಡವರು ನಮ್ಮಲ್ಲಿ ಇದಾರೆ, ಈಗ ಅವರದೇ ಹೋಟೆಲ್ ಇದೆ. ಹಸಿವಿನ ಬಗ್ಗೆ ಇರೋ ಕತೆ ಅವರು ನಡೆಸಿಕೊಟ್ಟ ಹಾಗೆ ಇನ್ಯಾರೂ ನಡೆಸೋಕಾಗಲ್ಲ. ಉತ್ತರ ಕರ್ನಾಟಕದ ಮಾತಲ್ಲಿರೋ ಪುಸ್ತಕ ಬಂದಾಗ ನಾವು ಕರಾವಳಿಯವರು ಅರ್ಧ ಪುಟಕ್ಕೇ ಎಡವ್ತೀವಿ, ಆಗ ಧಾರವಾಡ ಕಡೆಯವರು ಎರಡು ಪುಟ ಗಟ್ಟಿಯಾಗಿ ಓದಿಬಿಟ್ರೆ ಸಾಕು, ದನಿ ಕಿವಿಗೆ ಬಿದ್ದ ಮೇಲೆ ಉಳಿದದ್ದು ತಾನಾಗಿ ಬರುತ್ತೆ. ಆ ತಿಂಗಳು ಅವರ ಕೈಗೇ ಕೊಡಿ.

ಮಾತು ನಡೆಸೋರು ಪಾಲಿಸಬೇಕಾದ್ದು ಅಂತ ನಾವು ಬರೆದಿಟ್ಟಿಲ್ಲ, ಆದ್ರೆ ಬಾಯಿಂದ ಬಾಯಿಗೆ ಹೇಳ್ತಾ ಬಂದಿರೋದು ಕೆಲವು ಇವೆ. ಕತೆಯ ಸಾರಾಂಶ ಹೇಳ್ಬಾರದು. ಓದದೇ ಬಂದವರು ಇದ್ದೇ ಇರ್ತಾರೆ, ಅವರನ್ನ ಬೈಬೇಡಿ, ಕೂರ್ಲಿ, ಕೇಳ್ಲಿ, ಮುಂದಿನ ಸಲ ಓದಿ ಬರ್ತಾರೆ, ಆದ್ರೆ ಅವರಿಗೋಸ್ಕರ ಅರ್ಧ ಗಂಟೆ ಕತೆ ಹೇಳೋದು ಓದಿ ಬಂದವರಿಗೆ ಮಾಡೋ ಅನ್ಯಾಯ. ಮೊದಲು ಒಂದು ಸುತ್ತು, ಪ್ರತಿಯೊಬ್ಬರೂ ಒಂದು ಪುಟದ ನಂಬರ್ ಮಾತ್ರ ಹೇಳೋದು, ಅಲ್ಲಿಂದ ಒಂದೆರಡು ಸಾಲು ಓದೋದು. ಇದರಿಂದ ಏನಾಗುತ್ತೆ ಅಂದ್ರೆ ತುಂಬಾ ಸಂಕೋಚ ಇರೋರ ದನಿಯೂ ಮೊದಲ ಹತ್ತು ನಿಮಿಷದಲ್ಲಿ ಒಂದು ಸಲ ಕೇಳಿಸಿರುತ್ತೆ, ಆಮೇಲೆ ಎರಡನೇ ಸಲ ಮಾತಾಡೋದು ಅಷ್ಟು ಕಷ್ಟ ಆಗೋಲ್ಲ. ಮೊದಲ ಅರ್ಧ ಗಂಟೆ ನಡೆಸೋರು ತಮ್ಮ ಅಭಿಪ್ರಾಯ ಹೇಳೋ ಹಾಗಿಲ್ಲ, ಇದು ಕಷ್ಟ, ನನಗೆ ಈಗಲೂ ನಾಲಿಗೆ ತುರಿಸುತ್ತೆ, ಆದ್ರೆ ಅವರು ಹೇಳಿಬಿಟ್ರೆ ಉಳಿದವರು ಹೌದೌದು ಅಂತ ಅಲ್ಲೇ ನಿಲ್ತಾರೆ.

ಮತ್ತೆ ಜಾಸ್ತಿ ಮಾತಾಡೋರು. ಪ್ರತಿ ಬಳಗದಲ್ಲೂ ಇರ್ತಾರೆ, ಓದಿರ್ತಾರೆ, ತಿಳಿದಿರ್ತಾರೆ, ಒಳ್ಳೆಯವರೇ, ನಿಲ್ಸೋದು ಮಾತ್ರ ಗೊತ್ತಿಲ್ಲ. ವಯಸ್ಸಲ್ಲಿ ದೊಡ್ಡವರಾದ್ರೆ ಅವರನ್ನ ತಡೆಯೋದು ನಮ್ಮಲ್ಲಿ ಇನ್ನೂ ಕಷ್ಟ, ಹಿರಿಯರ ಮಾತಿನ ನಡುವೆ ಬಾಯಿ ಹಾಕಬಾರದು ಅಂತ ಬೆಳೆದವರು ನಾವು. ಅದಕ್ಕೆ ನಾವು ಕಂಡ್ಕೊಂಡ ದಾರಿ ಏನಪ್ಪಾ ಅಂದ್ರೆ, ಅವರಿಗೂ ಸರದಿ ಕೊಡೋದು. ಒಂದು ತಿಂಗಳು ಬೇರೆಯವರಿಂದ ಮಾತು ಹೊರಡಿಸೋ ಕೆಲಸ ತಾವೇ ಮಾಡಿದ ಮೇಲೆ, ಮುಂದಿನ ತಿಂಗಳು ಅವರಾಗಿಯೇ "ನಾನು ಸಾಕಷ್ಟು ಹೇಳಿದೆ, ಆ ಕಡೆ ಕೂತೋರು ಹೇಳ್ಲಿ" ಅಂತಾರೆ. ಎಲ್ಲರೂ ಅಲ್ಲ, ಆದ್ರೆ ಹೆಚ್ಚಿನವರು.

ಹೊಸಬರಿಗೆ ಮೊದಲ ಸಲ ಕೊಡೋವಾಗ ಒಂಟಿಯಾಗಿ ಬಿಡಬೇಡಿ. ಹಿಂದಿನ ತಿಂಗಳು ನಡೆಸಿದವರು ಈ ತಿಂಗಳಿನವರ ಪಕ್ಕದಲ್ಲೇ ಕೂರ್ಬೇಕು. ಅವರು ಮಾತಾಡಬೇಕಾಗಿಲ್ಲ, ಮಾತು ನಿಂತಾಗ ಎತ್ತಿಕೊಡೋಕೆ ಒಬ್ಬರಿದಾರೆ ಅನ್ನೋ ಧೈರ್ಯ ಇದ್ರೆ ಸಾಕು. ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನೆ ಕೂತ್ರೆ ಗಾಬರಿ ಆಗಬೇಡಿ ಅಂತಲೂ ಅವರಿಗೆ ಹೇಳಿಡಿ, ಜನ ಯೋಚನೆ ಮಾಡ್ತಿರ್ತಾರೆ, ಆ ಹೊತ್ತನ್ನ ತುಂಬಿಸೋಕೆ ಹೋದ್ರೆ ಒಳ್ಳೆ ಮಾತು ತಪ್ಪಿಹೋಗುತ್ತೆ.

ಕನ್ನಡ ಓದೋಕೆ ಬಾರದ ನಮ್ಮ ಮಕ್ಕಳ ಬಗ್ಗೆ ಯಾರೋ ಆಗಲೇ ಕೇಳಿದ್ರಿ. ಮನೇಲಿ ಕನ್ನಡವೋ ತುಳುವೋ ಮಾತಾಡ್ತಾರೆ, ಶಾಲೇಲಿ ಇಂಗ್ಲಿಷ್ ಮತ್ತೆ ಮರಾಠಿ, ಅಕ್ಷರ ಬಾರದು, ಅವರನ್ನ ಹೊರಗಿಟ್ರೆ ನಮ್ಮ ಬಳಗ ನಮ್ಮ ಜೊತೆಗೇ ಮುಗಿಯುತ್ತೆ. ಎರಡು ಮೂರು ತಿಂಗಳಿಗೊಮ್ಮೆ ಕಾದಂಬರಿ ಬಿಟ್ಟು ಒಂದು ಸಣ್ಣ ಕತೆ ತಗೊಂಡು ಅಲ್ಲೇ ಕೂತು ಗಟ್ಟಿಯಾಗಿ ಓದಿ, ಆ ದಿನ ಮಾತು ನಡೆಸೋ ಕೆಲಸ ಓದೋಕೆ ಬಾರದವರಿಗೇ ಕೊಡಿ, ಅವರೂ ಎಲ್ಲರ ಹಾಗೇ ಆಗಷ್ಟೇ ಕೇಳಿರ್ತಾರಲ್ಲ, ಯಾರಿಗೂ ಯಾರಿಗಿಂತಲೂ ಹೆಚ್ಚು ಗೊತ್ತಿರೋಲ್ಲ. ಮರಾಠಿ ಸೊಸೆಯಂದಿರೂ ಬರ್ತಾರೆ ನಮ್ಮಲ್ಲಿ. ಪುಣೆಯ ಉಮಾ ಕುಲಕರ್ಣಿ ಅವರು ಭೈರಪ್ಪನವರದ್ದು, ಕಾರಂತರದ್ದು ಎಷ್ಟೋ ಕಾದಂಬರಿ ಮರಾಠಿಗೆ ತಂದಿದಾರೆ, ಹಾಗಾಗಿ ಅತ್ತೆ ಕನ್ನಡದಲ್ಲಿ, ಸೊಸೆ ಮರಾಠಿಯಲ್ಲಿ ಒಂದೇ ಪುಸ್ತಕ ಓದ್ಕೊಂಡು ಬರಬಹುದು. ಹಾಗೆ ಒಂದು ಸಲ ಅತ್ತೆ ಸೊಸೆ ಇಬ್ಬರೂ ಸೇರಿ ಚರ್ಚೆ ನಡೆಸಿದ್ರು, ಸೊಸೆ ಮರಾಠಿಯಲ್ಲಿ ಕೇಳೋದು, ಅತ್ತೆ ಕನ್ನಡದಲ್ಲಿ ಉತ್ತರಕ್ಕೆ ಉತ್ತರ ಕೊಡೋದು, ಇಬ್ಬರಿಗೂ ಕಾದಂಬರಿಯ ಅತ್ತೆ ಬಗ್ಗೆ ಒಂದೇ ಅಭಿಪ್ರಾಯ ಇರಲಿಲ್ಲ, ಮನೇಲಿ ಎಂದೂ ಆಡದ ಮಾತುಗಳನ್ನ ಪುಸ್ತಕ ಮುಂದಿಟ್ಕೊಂಡು ಎಷ್ಟು ಮರ್ಯಾದೆಯಿಂದ ಆಡಿದ್ರು ಅಂದ್ರೆ, ನಾವೆಲ್ಲ ಸುಮ್ಮನೆ ಕೇಳ್ತಾ ಕೂತಿದ್ವಿ.

ತಪ್ಪಿಸಿಕೊಳ್ಳೋರನ್ನ ಏನ್ಮಾಡೋದು ಅಂತ ಇನ್ನೊಂದು ಪ್ರಶ್ನೆ ಇತ್ತು. ತಪ್ಪಿಸಿಕೊಳ್ಳೋರು ಅಂತ ಅನ್ಬೇಡಿ ಮೊದಲು, ಆಗದೇ ಇರೋ ತಿಂಗಳು ಎಲ್ಲರಿಗೂ ಬರುತ್ತೆ. ನಮ್ಮ ಕಟ್ಟು ಇಷ್ಟೇ, ಆಗೋಲ್ಲ ಅಂದ್ರೆ ಗ್ರೂಪ್‌ನಲ್ಲಿ ಹಾಕಿ ಕೈ ತೊಳ್ಕೊಳ್ಳೋ ಹಾಗಿಲ್ಲ, ಪಟ್ಟಿಯಲ್ಲಿರೋ ಒಬ್ಬರಿಗೆ ಫೋನ್ ಮಾಡಿ ತಿಂಗಳು ಬದಲಾಯಿಸಿಕೊಂಡು ಆಮೇಲೆ ಗ್ರೂಪ್‌ನಲ್ಲಿ ತಿಳಿಸ್ಬೇಕು. ಶುರು ಮಾಡಿದವರಿಗೆ ಹೇಳಿದ್ರೆ ಅವರೇ ನೋಡ್ಕೋತಾರೆ ಅನ್ನೋ ರೂಢಿ ಬೆಳೆಯೋಕೆ ಬಿಡ್ಬೇಡಿ, ಯಾಕಂದ್ರೆ ಆಗ ಮತ್ತೆ ಎಲ್ಲ ಒಬ್ಬರ ತಲೆ ಮೇಲೇ ಬರುತ್ತೆ. ಪಟ್ಟಿ ಇಟ್ಕೊಳ್ಳೋ ಕೆಲಸವೂ ಸರದಿಯದ್ದೇ. ನಾಲ್ಕು ತಿಂಗಳು ಒಬ್ಬರು ಇಟ್ಕೊಂಡ್ರೆ ಮುಂದಿನ ನಾಲ್ಕು ತಿಂಗಳು ಇನ್ನೊಬ್ಬರು. ಈಗ ನಮ್ಮ ಪಟ್ಟಿ ಭಾಂಡುಪ್‌ನಿಂದ ಬರೋ ಒಬ್ಬ ಹುಡುಗನ ಹತ್ರ ಇದೆ, ಮುಂದಿನ ತಿಂಗಳು ಎಲ್ಲಿ ಸೇರೋದು ಅಂತ ನಾನೇ ಅವನನ್ನ ಕೇಳ್ಬೇಕು.

ನಿಮ್ಮ ಪಟ್ಟಿಯನ್ನ ಇವತ್ತೇ ಮಾಡಿಬಿಡಿ, ಎಲ್ಲರೂ ಇಲ್ಲೇ ಇದೀರಿ. ಒಂದು ಹಾಳೆಯಲ್ಲಿ ಎರಡು ಕಾಲಂ ಸಾಕು, ಎಡಗಡೆ ಮನೆ, ಬಲಗಡೆ ಮಾತು. ಬಲಗಡೆ ಕಾಲಂ ಮೊದಲು ತುಂಬಿಸಿ, ಅದು ತಡ ಆಗುತ್ತೆ, ಮನೆ ಬೇಗ ಸಿಗುತ್ತೆ. ಮತ್ತೆ ಮೊದಲ ತಿಂಗಳ ಮಾತು, ನನ್ನನ್ನ ಇಲ್ಲಿಗೆ ಕರೆದವರದ್ದು ಬೇಡ.